ಅಂಟಿಲ್ಲದೆ ಕಚ್ಚುವ ರೋಬೋಟ್: ಲೈಸೆನ್ಸ್ ಇಲ್ಲದ ಕಿಟ್ ಮನೆಗೆ ಬಂದರೆ ಕಟ್ಟುವುದು ಹೇಗೆ, ತೂಗಿ ನೋಡುವುದು ಹೇಗೆ

ಜೂನ್ ಕೊನೆಯ ವಾರ. ಚಿಕ್ಕಮಗಳೂರಿನಲ್ಲಿ ಮಳೆ ಹಿಡಿದು ಆರು ದಿನ ಆಗಿತ್ತು. ಹಾಸನದಿಂದ ಅಕ್ಕನ ಮಗ ಬೇಲೂರು ಮೇಲಿನ ಬಸ್ಸಿನಲ್ಲಿ ಬಂದಿಳಿದ. ಬೆನ್ನಿಗೆ ಬ್ಯಾಗು, ಕಂಕುಳಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಡಬ್ಬ. ಅದರ ಮೇಲೆ ಬಿಳಿ, ನೀಲಿ, ಕೆಂಪು ಬಣ್ಣದ ರೋಬೋಟ್ ಚಿತ್ರ. ಒಳಗೆ ಬಿಡಿಭಾಗ ಕೂಡಿಸಿ ಆ ರೋಬೋಟನ್ನು ಕಟ್ಟುವ ಪ್ಲಾಸ್ಟಿಕ್ ಕಿಟ್.

"ಮಾಮ, ಒರಿಜಿನಲ್‌ನ ಅರ್ಧ ರೇಟಿಗೆ ಸಿಕ್ತು" ಅಂದ.

ಡಬ್ಬ ತಿರುಗಿಸಿ ನೋಡಿದೆ. ಕಂಪನಿಯ ಹೆಸರು ಎಲ್ಲೂ ಇಲ್ಲ. "ಇದು ಡೂಪ್ಲಿಕೇಟ್ ಕಣೋ" ಅಂದೆ. "ಗೊತ್ತು. ಕಟ್ಟೋಕೆ ಬರುತ್ತೆ ಅಲ್ವಾ?" ಅಂದ.

ಬರುತ್ತದೆ. ಆದರೆ ಒರಿಜಿನಲ್ ಕಿಟ್ ಕಟ್ಟುವ ಧೈರ್ಯದಲ್ಲಿ ಇದನ್ನು ಕಟ್ಟಬಾರದು. ಒರಿಜಿನಲ್ ಆದರೆ ಪುಸ್ತಕ ನೋಡಿಕೊಂಡು ಒತ್ತುತ್ತಾ ಹೋಗಬಹುದು. ಇಲ್ಲಿ ಪ್ರತಿ ಜೋಡಣೆಯನ್ನೂ ಮುಚ್ಚುವ ಮೊದಲೇ ಪರೀಕ್ಷೆ ಮಾಡಬೇಕು. ಒಮ್ಮೆ ಟಕ್ ಎಂದು ಕಚ್ಚಿಕೊಂಡರೆ ಮುಗಿಯಿತು, ಬಿಚ್ಚುವಾಗಲೇ ಮುರಿಯುವುದು ಜಾಸ್ತಿ. ಹಾಗಾಗಿ ಕಿಟ್ ಚೆನ್ನಾಗಿದೆಯೋ ಇಲ್ಲವೋ ಎಂದು ಕೊನೆಯಲ್ಲಿ ನೋಡುತ್ತೇನೆ ಎಂದರೆ ತಡವಾಗಿರುತ್ತದೆ. ಕಟ್ಟುತ್ತಾ ಕಟ್ಟುತ್ತಲೇ ತೂಗಬೇಕು. ಆ ಒಂದು ವಾರ ನಾವಿಬ್ಬರೂ ಮಾಡಿದ್ದನ್ನು, ಅದಕ್ಕೂ ಮೊದಲು ನಾನು ಕೆಡಿಸಿಕೊಂಡಿದ್ದನ್ನು ಸೇರಿಸಿ ಬರೆದಿದ್ದೇನೆ.

ಏನು ಕೊಂಡಿದ್ದೀರಿ?

1979ರಲ್ಲಿ ಜಪಾನಿನ ಟಿವಿಯಲ್ಲಿ ಗಂಡಮ್ ಎಂಬ ಸರಣಿ ಶುರುವಾಯಿತು. ಮರುವರ್ಷ ಜುಲೈನಲ್ಲಿ ಬಂದೈ ಕಂಪನಿ ಅದರ ರೋಬೋಟಿನ ಪ್ಲಾಸ್ಟಿಕ್ ಕಿಟ್ ಹೊರತಂದಿತು. ಬೆಲೆ 300 ಯೆನ್. ಆಗ ಅಂಟು ಹಾಕಿ ಕೂಡಿಸಬೇಕಿತ್ತು, ಬಣ್ಣವನ್ನೂ ನಾವೇ ಬಳಿಯಬೇಕಿತ್ತು. ಆಮೇಲೆ ಅಂಟಿಲ್ಲದೆ ಕಚ್ಚುವ, ಪ್ಲಾಸ್ಟಿಕ್ಕಿನಲ್ಲೇ ಬಣ್ಣ ಬೆರೆತು ಬರುವ ಕಿಟ್‌ಗಳು ಬಂದವು. ಇವಕ್ಕೆ ಗನ್‌ಪ್ಲಾ ಎನ್ನುತ್ತಾರೆ. ಇವುಗಳಲ್ಲಿ ದರ್ಜೆಗಳಿವೆ. ಎಚ್‌ಜಿ ಮತ್ತು ಆರ್‌ಜಿ ಎಂದರೆ ಸಾಮಾನ್ಯವಾಗಿ 1/144 ಅಳತೆ, ಅಂದರೆ ಕತೆಯ ರೋಬೋಟಿನ 144ನೇ ಒಂದು ಪಾಲು. ಎಂಜಿ ಎಂದರೆ 1/100. ಪಿಜಿ ಎಂದರೆ 1/60.

ಲೈಸೆನ್ಸ್ ಇಲ್ಲದ, ಅಂದರೆ ವಿನ್ಯಾಸದ ಒಡೆಯರ ಅನುಮತಿ ಇಲ್ಲದೆ ಮಾಡಿದ ಕಿಟ್‌ಗಳಲ್ಲೂ ಬಗೆ ಇದೆ. ಕೆಲವು ಒರಿಜಿನಲ್ ಕಿಟ್ಟಿನ ತದ್ರೂಪ, ಭಾಗಕ್ಕೆ ಭಾಗ ಅದೇ. ಕೆಲವು ಅದನ್ನೇ ಹಿಗ್ಗಿಸಿಯೋ ಕುಗ್ಗಿಸಿಯೋ ಮಾಡಿದವು. ಇನ್ನು ಕೆಲವಕ್ಕೆ ಒಳಗಿನ ಎಲುಬು, ಕೀಲು ಎಲ್ಲ ಸ್ವಂತ ವಿನ್ಯಾಸ, ರೋಬೋಟಿನ ರೂಪ ಮಾತ್ರ ಕೇಳದೆ ತೆಗೆದುಕೊಂಡದ್ದು. ಮೂರನೆಯ ಬಗೆಯಲ್ಲಿ ಕೆಲವೊಮ್ಮೆ ಒಳ್ಳೆಯ ಕೆಲಸ ಕಾಣುತ್ತದೆ. ಎರಡನೆಯದರಿಂದ ದೂರ ಇರಿ. ಗೂಟ, ತೂತುಗಳ ಬಿಗಿ ಲೆಕ್ಕ ಹಾಕಿರುವುದು ಒಂದು ಅಳತೆಗೆ. ಎಲ್ಲವನ್ನೂ ಹಿಗ್ಗಿಸಿದರೆ ಆ ಲೆಕ್ಕ ತಪ್ಪುತ್ತದೆ.

ಹಿಗ್ಗಿಸಿದ್ದೋ ಅಲ್ಲವೋ ತಿಳಿಯಲು ಶಾಲೆಯ ಸ್ಕೇಲು ಸಾಕು. ಮೊದಲ ಗಂಡಮ್‌ನ ಎತ್ತರ ಕತೆಯಲ್ಲಿ 18 ಮೀಟರ್. 1/100 ಆದರೆ 18 ಸೆಂ.ಮೀ. ಬರಬೇಕು, 1/144 ಆದರೆ 12.5 ಸೆಂ.ಮೀ. ತಲೆಯ ಕೊಂಬನ್ನು ಬಿಟ್ಟು ಅಳೆಯಿರಿ. ಡಬ್ಬದ ಮೇಲೆ ಅಳತೆಯನ್ನೇ ಬರೆಯದೆ ಬರೀ "ದೊಡ್ಡದು" ಎಂಬಂತೆ ತೋರಿಸಿದ್ದರೆ ಅನುಮಾನ ಪಡಿ.

ಕೊಳ್ಳುವ ವಿಷಯದಲ್ಲಿ ನನ್ನ ಮಾತು ನೇರ. ವಿನ್ಯಾಸಕ್ಕೆ ತಲೆ ಕೆಡಿಸಿಕೊಂಡವರು ಒಬ್ಬರು, ದುಡ್ಡು ಎಣಿಸಿಕೊಳ್ಳುವವರು ಇನ್ನೊಬ್ಬರು. ದೊಡ್ಡ ನಕಲಿಯ ದುಡ್ಡಿನಲ್ಲಿ ಚಿಕ್ಕ ಒರಿಜಿನಲ್ ಎಚ್‌ಜಿ ಬರುವ ಹಾಗಿದ್ದರೆ ನಾನು ಅದನ್ನೇ ಕೊಳ್ಳುತ್ತೇನೆ. ಹುಡುಗನಿಗೂ ಅದನ್ನೇ ಹೇಳಿದೆ. ಆದರೆ ಡಬ್ಬ ಮನೆಗೆ ಬಂದಾಗಿತ್ತಲ್ಲ.

ಇನ್ನೊಂದು. ನಮ್ಮಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ನಮ್ಮ ಡಬ್ಬದ ಮೇಲೆ ಆ ಗುರುತು ಇರಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಏನು ಬೆರೆಸಿದ್ದಾರೆ ಎಂದು ಹೇಳುವವರೂ ಇಲ್ಲ. ಹುಡುಗ ಪಿಯುಸಿ, ಬಾಯಿಗೆ ಹಾಕಿಕೊಳ್ಳುವ ವಯಸ್ಸಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮಾತ್ರ ಇಂಥ ಕಿಟ್ ಬೇಡವೇ ಬೇಡ.

ಬೇಕಾದ ಸಾಮಾನು

ಭಾಗಗಳನ್ನು ಕತ್ತರಿಸಲು ಆನ್‌ಲೈನಿನಲ್ಲಿ ನಿಪ್ಪರ್ ಎಂಬ ದುಬಾರಿ ಕಟರ್ ತೋರಿಸುತ್ತಾರೆ. ಶುರುವಿಗೆ ಬೇಡ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ವೈರ್ ಕತ್ತರಿಸುವ ಚಿಕ್ಕ ಕಟರ್ ಸಿಗುತ್ತದೆ. ಅದರಲ್ಲಿ ಒಂದು ಮೈ ಚಪ್ಪಟೆ ಇರುವುದನ್ನು ಕೇಳಿ ತನ್ನಿ. ಉಪ್ಪುಕಾಗದ 400, 600, 1000 ನಂಬರಿನದು ಒಂದೊಂದು ಹಾಳೆ, ಹಾರ್ಡ್‌ವೇರ್ ಅಂಗಡಿಯಿಂದ. ಅಲ್ಲೇ ಒಂದು ಸುರುಳಿ ಟೆಫ್ಲಾನ್ ಟೇಪ್ ತೆಗೆದುಕೊಳ್ಳಿ, ನಲ್ಲಿಗೆ ಸುತ್ತುತ್ತಾರಲ್ಲ, ಅದೇ. ಫ್ಯಾನ್ಸಿ ಸ್ಟೋರಿನಿಂದ ಉಗುರು ಪಾಲಿಶ್ ಮಾಡುವ ಬಫರ್. ಪೇಪರ್ ಕತ್ತರಿಸುವ ಕಟರ್ ಬ್ಲೇಡು, ಒಂದು ಚಿಮಟ, ಫೆವಿಕ್ವಿಕ್, ಹಲ್ಲುಕಡ್ಡಿ. ಕೆಳಗೆ ಹಾಸಲು ಮೊರ. ನಗಬೇಡಿ, ಮೊರಕ್ಕೆ ಮೂರು ಕಡೆ ಅಂಚು ಇರುತ್ತದೆ. ಹಾರಿದ ಭಾಗ ಅಲ್ಲೇ ಬೀಳುತ್ತದೆ.

ಕತ್ತರಿಸುವ ಮೊದಲು

ಭಾಗಗಳು ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ. ಚೌಕಟ್ಟಿಗೆ ರನ್ನರ್ ಎನ್ನುತ್ತಾರೆ. ಭಾಗ ಅದಕ್ಕೆ ಅಂಟಿರುವ ಚಿಕ್ಕ ಕುತ್ತಿಗೆಗೆ ಗೇಟ್. ಡಬ್ಬ ತೆರೆದ ಕೂಡಲೇ ಪುಸ್ತಕದಲ್ಲಿರುವ ರನ್ನರ್ ಪಟ್ಟಿ ಇಟ್ಟುಕೊಂಡು ಎಲ್ಲವನ್ನೂ ಎಣಿಸಿ. ಒಂದೊಂದರ ಫೋಟೋ ತೆಗೆಯಿರಿ. ಲೈಸೆನ್ಸ್ ಇಲ್ಲದ ಕಿಟ್ಟಿಗೆ ಬಿಡಿಭಾಗ ಕಳಿಸುವ ಧಣಿ ಯಾರೂ ಇರುವುದಿಲ್ಲ. ವಾಪಸ್ ಕಳಿಸುವ ದಿನ ಮುಗಿಯುವ ಮೊದಲೇ ಕೊರತೆ ಗೊತ್ತಾಗಬೇಕು. ಒಂದು ಗೇಟ್ ಕತ್ತರಿಸಿದರೂ ವಾಪಸ್ ಮಾತು ಮುಗಿಯಿತು ಅಂದುಕೊಳ್ಳಿ.

ಈಗ ರನ್ನರನ್ನು ದೀಪಕ್ಕೆ ಹಿಡಿದು ನೋಡಿ. ಅದು ಕಿಟ್ಟಿನ ಜಾತಕ ಇದ್ದ ಹಾಗೆ. ಒರಿಜಿನಲ್‌ನಲ್ಲಿ ಮೂಲೆಯ ಪಟ್ಟಿಯ ಮೇಲೆ ಅಕ್ಷರ, ಕಂಪನಿ ಹೆಸರು, ಪ್ಲಾಸ್ಟಿಕ್ಕಿನ ಬಗೆ ಇರುತ್ತದೆ. ನಮ್ಮದರಲ್ಲಿ ಹೆಸರಿನ ಜಾಗ ಬೋಳು. ಪ್ಲಾಸ್ಟಿಕ್ ಬಗೆ ಮಾತ್ರ ಉಳಿದಿತ್ತು: ಪಿಎಸ್, ಎಬಿಎಸ್, ಪಿಇ. ಅಷ್ಟು ಉಪಕಾರ. ಪಿಎಸ್ ಹೊರಕವಚಕ್ಕೆ. ಎಬಿಎಸ್ ಗಟ್ಟಿ, ಸ್ವಲ್ಪ ಹೊಳಪು, ಕೀಲುಗಳಿಗೆ. ಪಿಇ ಮೇಣದ ಹಾಗೆ ಮೆತ್ತಗೆ, ಕೀಲಿನೊಳಗೆ ಕೂರುವ ಬಟ್ಟಲುಗಳಿಗೆ. ಇದನ್ನು ನೆನಪಿಟ್ಟುಕೊಳ್ಳಿ, ಅಂಟಿನ ಹೊತ್ತಿಗೆ ಬೇಕಾಗುತ್ತದೆ.

ದೋಷಗಳಲ್ಲಿ ಯಾವುದಕ್ಕೆ ಹೆದರಬೇಕು, ಯಾವುದನ್ನು ಬಿಡಬಹುದು? ಭಾಗದ ಅಂಚಿನಲ್ಲಿ ತೆಳ್ಳನೆ ಪೊರೆ ಬಂದಿದ್ದರೆ ಅಚ್ಚಿನ ಎರಡು ಹೋಳು ಸರಿಯಾಗಿ ಕೂಡಿಲ್ಲ ಎಂದರ್ಥ. ಬ್ಲೇಡಿನಲ್ಲಿ ಕೆರೆದರೆ ಹೋಗುತ್ತದೆ. ದಪ್ಪ ಜಾಗದ ಮೇಲೆ ಸಣ್ಣ ಗುಳಿ ಇದ್ದರೆ ಪ್ಲಾಸ್ಟಿಕ್ ಆರುವಾಗ ಕುಗ್ಗಿದೆ. ನೋಡಲು ಚೆನ್ನಾಗಿರಲ್ಲ ಅಷ್ಟೇ. ಆದರೆ ಗೂಟದ ತುದಿಯೋ ಮೂಲೆಯೋ ಪೂರ್ತಿ ತುಂಬದೆ ಮೊಂಡಾಗಿದ್ದರೆ ಹುಷಾರು. ಆ ಗೂಟ ಹಿಡಿಯುವುದಿಲ್ಲ. ಎಲ್ಲ ಕೀಲಿನ ಭಾಗಗಳನ್ನು ಮೊದಲು ನೋಡಿ, ಕವಚ ಆಮೇಲೆ. ನಮಗೆ ಎಡ ಮುಂಗೈಯ ಒಂದು ಗೂಟ ಅರ್ಧ ತುಂಬಿದ್ದು ಸಿಕ್ಕಿತು. ಕೆಂಪು ಪೆನ್ನಿನಲ್ಲಿ ಪುಸ್ತಕದಲ್ಲಿ ಗುರುತು ಹಾಕಿಕೊಂಡೆವು.

ತೊಳೆಯುವುದನ್ನು ಬಿಡಬೇಡಿ. ಅಚ್ಚಿನಿಂದ ಸಲೀಸಾಗಿ ಬಿಡಲಿ ಎಂದು ಹಚ್ಚಿದ ಎಣ್ಣೆ ನಕಲಿ ಕಿಟ್‌ಗಳಲ್ಲಿ ಕೈಗೇ ಅಂಟುವಷ್ಟು ಉಳಿದಿರಬಹುದು. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ರನ್ನರ್ ಸಮೇತ ಹಳೆಯ ಟೂತ್‌ಬ್ರಶ್ಶಿನಲ್ಲಿ ಉಜ್ಜಿ. ಕೆಳಗೆ ಜರಡಿ ಇಡಿ, ಕಳಚಿ ಬಿದ್ದ ಭಾಗ ಮೋರಿಗೆ ಹೋಗಬಾರದು. ಒಣಗಿಸುವುದೇ ಮಲೆನಾಡಿನ ಕಷ್ಟ. ಆ ವಾರ ನಮ್ಮ ಮನೆಯಲ್ಲಿ ಬಟ್ಟೆಯೇ ಒಣಗಿರಲಿಲ್ಲ. ಹುಡುಗ ಬಚ್ಚಲ ಹಂಡೆ ಒಲೆಯ ಪಕ್ಕ ಇಡಲು ಹೊರಟ. ತಡೆದೆ. ಪಿಎಸ್ ಪ್ಲಾಸ್ಟಿಕ್ 100 ಡಿಗ್ರಿಯ ಹತ್ತಿರ ಬಂದರೆ ಮೆತ್ತಗಾಗುತ್ತದೆ, ಒಲೆಯ ಬಾಯಲ್ಲಿ ಅದಕ್ಕಿಂತ ಜಾಸ್ತಿ ಶಾಖ. ಫ್ಯಾನಿನ ಕೆಳಗೆ ಹಳೆಯ ಪಂಚೆಯ ಮೇಲೆ ರಾತ್ರಿಯಿಡೀ ಬಿಡಿ.

ಕತ್ತರಿಸುವುದು

ಎರಡು ಏಟಿನ ಕೆಲಸ. ಮೊದಲ ಏಟು ಭಾಗದಿಂದ ದೂರ, ಗೇಟಿನ ಆಚೆ ತುದಿಗೆ. ಭಾಗ ಕೈಗೆ ಬಂದ ಮೇಲೆ ಉಳಿದ ಮೊಂಡನ್ನು ಎರಡನೇ ಏಟಿಗೆ ತೆಗೆಯಿರಿ. ಕಟರಿನ ಚಪ್ಪಟೆ ಮೈ ಭಾಗದ ಕಡೆ ಇರಲಿ. ಆಗಲೂ ಒಂದು ಕೂದಲೆಳೆ ಉಳಿಸಿ. ಅದನ್ನು ಬ್ಲೇಡಿನಲ್ಲಿ ಸವರಿ, 400ರ ಉಪ್ಪುಕಾಗದದಿಂದ ಶುರು ಮಾಡಿ 1000ಕ್ಕೆ ಮುಗಿಸಿ. ಕೊನೆಗೆ ಬಫರ್. ಒಂದೇ ಏಟಿಗೆ ಬುಡಕ್ಕೇ ಹಾಕಿದರೆ ಪ್ಲಾಸ್ಟಿಕ್ ಕಿತ್ತುಕೊಂಡು ಗುಳಿ ಬೀಳುತ್ತದೆ. ಕಾಫಿ ಗಿಡದ ಚಿಗುರು ತೆಗೆಯುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಎಳೆದು ಕಿತ್ತರೆ ಕಾಂಡದ ಸಿಪ್ಪೆಯೂ ಬರುತ್ತದೆ.

ಕೆಂಪು, ನೀಲಿ ಭಾಗಗಳಲ್ಲಿ ಕತ್ತರಿಸಿದ ಕಡೆ ಬೆಳ್ಳಗಾಗುತ್ತದೆ. ಉಗುರಿನಿಂದ ಗಟ್ಟಿಯಾಗಿ ಉಜ್ಜಿದರೆ ಸ್ವಲ್ಪ ಮಾಯವಾಗುತ್ತದೆ. ಕುದಿಯದ ಬಿಸಿನೀರಿನಲ್ಲಿ ಕೆಲವು ಸೆಕೆಂಡು ಅದ್ದಿದರೂ ಕೆಲವೊಮ್ಮೆ ಬಣ್ಣ ಮರಳುತ್ತದೆ. ನಕಲಿ ಕಿಟ್ಟಿನಲ್ಲಿ ಗೇಟ್ ದಪ್ಪ ಇರುವುದರಿಂದ ಈ ಕಾಟ ಜಾಸ್ತಿ. ಉಪ್ಪುಕಾಗದವನ್ನು ನೀರಲ್ಲಿ ಅದ್ದಿ ಉಜ್ಜಿ, ಪುಡಿ ಮೂಗಿಗೆ ಹೋಗುವುದಿಲ್ಲ.

ಎಲ್ಲ ಭಾಗಗಳನ್ನೂ ಒಟ್ಟಿಗೆ ಕತ್ತರಿಸಿ ರಾಶಿ ಹಾಕಬೇಡಿ. ರನ್ನರ್ ಮೇಲಿನ ನಂಬರ್ ಬಿಟ್ಟರೆ ಭಾಗಕ್ಕೆ ಬೇರೆ ಗುರುತಿಲ್ಲ. ಆ ಪುಟಕ್ಕೆ ಎಷ್ಟು ಬೇಕೋ ಅಷ್ಟೇ.

ಬಿಗಿಯ ಮಾತು

ಇಲ್ಲೇ ಎಲ್ಲ ಇರುವುದು. ಬೇಲೂರು ಚೆನ್ನಕೇಶವ ದೇವಸ್ಥಾನ ನೋಡಿದ್ದೀರಲ್ಲ. ಹೊಯ್ಸಳರ ಕಾಲದಲ್ಲಿ ಗಾರೆ ಹಾಕದೆ, ಕಲ್ಲಿಗೆ ಗೂಟ, ಇನ್ನೊಂದು ಕಲ್ಲಿಗೆ ಗುಂಡಿ ಮಾಡಿ ಕಚ್ಚಿಸಿದರು. 1117ರಲ್ಲಿ ಪ್ರತಿಷ್ಠೆ ಆದ ಗುಡಿ ನಿಂತಿರುವುದು ಆ ಅಳತೆಯ ಮೇಲೆ. ಹುಡುಗ ಬಸ್ಸಿನಲ್ಲಿ ಬರುವಾಗ ಅದರ ನರಸಿಂಹ ಕಂಬ ನೆನಪಾಯಿತಂತೆ. "ಅದು ಹಿಂದೆ ತಿರುಗ್ತಿತ್ತು ಅಂತಾರಲ್ಲ ಮಾಮ, ಸೊಂಟದ ಜಾಯಿಂಟ್ ತರ" ಅಂದ. ಅವನಿಗೆ ಎಲ್ಲವೂ ರೋಬೋಟೇ.

ನಕಲಿ ಕಿಟ್ಟಿನಲ್ಲಿ ಬಿಗಿ ಯಾಕೆ ತಪ್ಪುತ್ತದೆ? ಅಚ್ಚಿನಲ್ಲಿ ಬಿಸಿಯಾಗಿ ಹೋದ ಪ್ಲಾಸ್ಟಿಕ್ ಆರಿದಾಗ ಕುಗ್ಗುತ್ತದೆ. ಪಿಎಸ್‌ನಲ್ಲಿ ಇದು ನೂರು ಮಿ.ಮೀ.ಗೆ ಸುಮಾರು ಅರ್ಧ ಮಿ.ಮೀ.ನಷ್ಟು. ಅಚ್ಚು ಮಾಡುವವರು ಈ ಕುಗ್ಗುವಿಕೆಯನ್ನು ಲೆಕ್ಕ ಹಿಡಿದೇ ಅಚ್ಚು ಕೊರೆಯುತ್ತಾರೆ. ಸಿದ್ಧವಾದ ಭಾಗವನ್ನು ಅಳೆದು ನಕಲು ಅಚ್ಚು ಮಾಡುವವರು ಆ ಲೆಕ್ಕವನ್ನು ಸರಿಯಾಗಿ ಹಾಕದಿದ್ದರೆ, ಅಥವಾ ಬೇರೆ ಬಗೆಯ ಪ್ಲಾಸ್ಟಿಕ್ ಸುರಿದರೆ, ಗೂಟ ಒಂದು ತರ ಕುಗ್ಗುತ್ತದೆ, ತೂತು ಇನ್ನೊಂದು ತರ. ಕಣ್ಣಿಗೆ ಕಾಣದಷ್ಟು ವ್ಯತ್ಯಾಸ. ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ಒಂದು ಕೀಲು ಕಲ್ಲಿನಂತೆ ಬಿಗಿ, ಪಕ್ಕದ್ದು ಲೊಡಲೊಡ.

ಹಾಗಾಗಿ ಕ್ರಮ ಹೀಗಿರಲಿ. ಗೂಟವನ್ನು ತೂತಿಗೆ ಮೂರನೇ ಒಂದು ಭಾಗ ಮಾತ್ರ ಒತ್ತಿ. ಸಲೀಸಾಗಿ ಹೋಗುತ್ತಿದೆಯೇ? ಸರಿ, ಪೂರ್ತಿ ಒತ್ತಿ. ಬೆರಳ ತುದಿ ಬೆಳ್ಳಗಾಗುವಷ್ಟು ಒತ್ತಬೇಕಾಗಿ ಬಂದರೆ ನಿಲ್ಲಿಸಿ, ಹೊರಗೆ ತೆಗೆಯಿರಿ. ಗೂಟದ ತುದಿಯನ್ನು ಕಟರಿನಲ್ಲಿ ಓರೆಯಾಗಿ, ಸುಮಾರು 45 ಡಿಗ್ರಿ ಕತ್ತರಿಸಿ. ಕಚ್ಚುವ ಮೈ ಕಡಿಮೆಯಾಗುತ್ತದೆ, ಆದರೂ ಹಿಡಿತ ಸಾಕಾಗುತ್ತದೆ. ಕವಚದ ಭಾಗಗಳಿಗೆ ಈ ಉಪಾಯ. ತಿರುಗುವ ಕೀಲಿನ ಗೂಟವನ್ನು ಕತ್ತರಿಸಬೇಡಿ. ಅದನ್ನು 1000ರ ಉಪ್ಪುಕಾಗದದಲ್ಲಿ ಸುತ್ತಲೂ ನಾಲ್ಕು ಸಲ ಉಜ್ಜಿ ಮತ್ತೆ ಹಾಕಿ ನೋಡಿ. ಬೇಕಾದರೆ ಮತ್ತೆ ನಾಲ್ಕು ಸಲ. ತಾಳ್ಮೆ ಕೆಟ್ಟರೆ ಎದ್ದು ಹೋಗಿ ಕಾಫಿ ಕುಡಿದು ಬನ್ನಿ.

ಎಣ್ಣೆ ಮಾತ್ರ ಹಾಕಬೇಡಿ. ಇದು ನನ್ನ ಸ್ವಂತ ಪಾಠ. ಎರಡು ವರ್ಷದ ಹಿಂದೆ ಇಂಥದೇ ಒಂದು ಕಿಟ್ಟಿನ ಮೊಣಕೈ ಬಿಗಿಯಾಗಿತ್ತು. ಬಾಗಿಲ ಕೀಲಿಗೆ ಹಾಕುವ ಹಾಗೆ ಒಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟೆ. ಬೆಣ್ಣೆಯ ಹಾಗೆ ತಿರುಗಿತು. ನನ್ನ ಜಾಣತನಕ್ಕೆ ನಾನೇ ಖುಷಿಪಟ್ಟೆ. ಮರುದಿನ ಬೆಳಿಗ್ಗೆ ನೋಡಿದರೆ ಮೊಣಕೈಯ ಉದ್ದಕ್ಕೂ ಕೂದಲಿನಷ್ಟು ಸೀಳು. ಸಂಜೆಗೆ ಎರಡು ಹೋಳು. ಕಾರಣ ಆಮೇಲೆ ತಿಳಿಯಿತು. ಬಿಗಿಯಾಗಿ ಸಿಕ್ಕಿಕೊಂಡ ಪಿಎಸ್, ಎಬಿಎಸ್ ಪ್ಲಾಸ್ಟಿಕ್ ಒಳಗೊಳಗೇ ಎಳೆತದಲ್ಲಿರುತ್ತದೆ. ಅದಕ್ಕೆ ಎಣ್ಣೆ, ಜಿಡ್ಡು ತಾಗಿದರೆ ಬಿರುಕು ಬಿಡುತ್ತದೆ. ಫ್ರಿಜ್‌ನ ಒಳಗೋಡೆ ಮಾಡುವುದೂ ಇದೇ ಜಾತಿಯ ಪ್ಲಾಸ್ಟಿಕ್ಕಿನಲ್ಲಿ. ಬೆಣ್ಣೆ, ಎಣ್ಣೆಯ ಜಿಡ್ಡಿಗೆ ಅದೂ ಬಿರುಕು ಬಿಡುವುದುಂಟು. ಕವಚದ ಮೇಲಿನ ಗೆರೆಗಳಿಗೆ ಹಚ್ಚುವ ಎನಾಮೆಲ್ ಶಾಯಿಯ ಥಿನ್ನರ್ ಎಬಿಎಸ್ ಕೀಲಿನೊಳಗೆ ಇಳಿದರೂ ಇದೇ ಕತೆ.

ಸಡಿಲ ಕೀಲು ಇನ್ನೊಂದು ತಲೆನೋವು. ಗುಂಡಿನಂಥ ತುದಿ ಬಟ್ಟಲಿನಲ್ಲಿ ಕೂರುವ ಕೀಲಾದರೆ, ಬೇರ್ಪಡಿಸಿ, ಗುಂಡಿನ ಮೇಲೆ ಮಾತ್ರ ಹಲ್ಲುಕಡ್ಡಿಯಲ್ಲಿ ಫೆವಿಕ್ವಿಕ್ ತೆಳ್ಳಗೆ ಸವರಿ. ಪೂರ್ತಿ ಒಣಗುವವರೆಗೆ ಕೂಡಿಸಬೇಡಿ. ಒಣಗಿದ ಪದರವೇ ಗುಂಡನ್ನು ದಪ್ಪ ಮಾಡುತ್ತದೆ. ಈ ಅಂಟು ಗಟ್ಟಿಯಾಗುವುದು ಗಾಳಿಯ ತೇವದಿಂದ. ನಮ್ಮ ಮಳೆಗಾಲ ಉಪಕಾರಕ್ಕೆ ಬರುವುದು ಇದೊಂದು ಕಡೆ. ಆದರೂ ಒಂದು ಗಂಟೆ ಕಾಯಿರಿ. ಪಿಇ ಬಟ್ಟಲಿಗೆ ಮಾತ್ರ ಅಂಟು ಹಚ್ಚಿ ಪ್ರಯೋಜನವಿಲ್ಲ, ಅದು ಅಂಟನ್ನು ಹಿಡಿಯುವುದಿಲ್ಲ. ಸಾದಾ ಗೂಟ ಸಡಿಲವಿದ್ದರೆ ಟೆಫ್ಲಾನ್ ಟೇಪಿನ ಚಿಕ್ಕ ಚೂರು ಒಂದು ಸುತ್ತು ಸುತ್ತಿ ಒತ್ತಿ. ಬೇಡವೆಂದರೆ ತೆಗೆಯಬಹುದು. ನನಗೆ ಎಲ್ಲಕ್ಕಿಂತ ಇಷ್ಟವಾದ ರಿಪೇರಿ ಇದೇ.

ಅಚ್ಚಿನಲ್ಲೇ ಅರ್ಧ ತುಂಬಿದ್ದ ಆ ಮುಂಗೈ ಗೂಟವನ್ನು ಪೂರ್ತಿ ಕತ್ತರಿಸಿ ಬಿಸಾಡಿದೆವು. ಆ ಜಾಗದಲ್ಲಿ ಸಣ್ಣ ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ತೂತು ಮಾಡಿ, ಸೇಫ್ಟಿ ಪಿನ್ನಿನ ಒಂದು ತುಂಡನ್ನು ಫೆವಿಕ್ವಿಕ್ ಹಾಕಿ ಕೂರಿಸಿದೆವು. ಅದರ ಮೇಲೆ ಟೇಪು. ಹಿಡಿಯಿತು.

ಒಂದು ಕೈ, ಒಂದು ಕಾಲು ಮುಗಿದಾಗೆಲ್ಲ ಕವಚ ತೊಡಿಸುವ ಮೊದಲು ಬರೀ ಎಲುಬನ್ನು ಹತ್ತು ಸಲ ಮಡಚಿ ಬಿಡಿಸಿ. ಕಿರ್ ಎಂದರೆ, ಬೆಳ್ಳಗೆ ಗೆರೆ ಕಂಡರೆ ಆಗಲೇ ಸರಿ ಮಾಡಿ. ಎರಡು ಕಾಲಿನ ಬಿಗಿಯನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿ. ಒಂದು ಬಿಗಿ, ಒಂದು ಸಡಿಲ ಇದ್ದರೆ ರೋಬೋಟ್ ನಿಲ್ಲುವಾಗ ಯಾವಾಗಲೂ ಒಂದೇ ಕಡೆ ವಾಲುತ್ತದೆ.

ಸ್ಟಿಕ್ಕರ್, ಗೆರೆ, ಸ್ಪ್ರೇ

ಸ್ಟಿಕ್ಕರಿಗೆ ಚಿಮಟ ಬಳಸಿ, ಬೆರಳು ಬೇಡ. ನೀರಲ್ಲಿ ಅದ್ದಿ ಜಾರಿಸುವ ಡೆಕಲ್ ಕೊಟ್ಟಿದ್ದರೆ ಬೇಡದ ಒಂದನ್ನು ಮೊದಲು ರನ್ನರ್ ಮೇಲೆ ಹಾಕಿ ನೋಡಿ. ನಮ್ಮದು ನೀರಿಗೆ ಬಿದ್ದ ಕೂಡಲೇ ಚೂರುಚೂರಾಯಿತು, ಬಿಟ್ಟೆವು. ಕವಚದ ಗೆರೆಗಳನ್ನು ಎದ್ದು ಕಾಣಿಸಲು ಸಣ್ಣ ಮೊನೆಯ ಪೆನ್ಸಿಲ್ ಸಾಕು.

ಹೊಳಪು ಮುಚ್ಚುವ ಮ್ಯಾಟ್ ಸ್ಪ್ರೇಯನ್ನು ಮಳೆಗಾಲದಲ್ಲಿ ಮುಟ್ಟಬೇಡಿ. ಸ್ಪ್ರೇಯ ದ್ರಾವಣ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲೇ ಕೂತು ಬೂದಿ ಬಳಿದ ಹಾಗೆ ಬಿಳಿ ಮಬ್ಬು ಬರುತ್ತದೆ. ದೀಪಾವಳಿ ಕಳೆದು ಬಿಸಿಲು ಬಂದ ಮೇಲೆ ಅಂಗಳದಲ್ಲಿ ಹೊಡೆಯಿರಿ.

ತೂಗಿ ನೋಡುವುದು

ಫೋಟೋ ತೆಗೆದು ಖುಷಿಪಡುವುದು ಆ ದಿನದ ಕೆಲಸ. ತೀರ್ಮಾನಕ್ಕೆ ಒಂದು ವಾರ ಬೇಕು. ರೋಬೋಟಿನ ಕೈಗೆ ಬಂದೂಕು ಕೊಟ್ಟು, ಕೈಯನ್ನು ನೆಲಕ್ಕೆ ಸಮನಾಗಿ ಚಾಚಿ ನಿಲ್ಲಿಸಿ. ಹಿಂದಿನ ಗೋಡೆಯ ಮೇಲೆ ಕೈಯ ಎತ್ತರಕ್ಕೆ ಪೆನ್ಸಿಲ್ ಗುರುತು ಹಾಕಿ. ಏಳನೇ ದಿನ ನೋಡಿ. ನಮ್ಮದರ ಬಲಗೈ ಅಲ್ಲೇ ಇತ್ತು. ಎಡಗೈ ಎರಡು ಬೆರಳಿನಷ್ಟು ಇಳಿದಿತ್ತು, ಸೇಫ್ಟಿ ಪಿನ್ನಿನ ಕಡೆ ಅಲ್ಲ, ಭುಜದಲ್ಲಿ. ಒಂದು ಕಾಲಿನ ಮೇಲೆ ನಿಲ್ಲಿಸಿ ಹತ್ತು ಎಣಿಸಿ. ಸೊಂಟ ಹಿಡಿದು ಎತ್ತಿ ಮೆಲ್ಲಗೆ ಅಲ್ಲಾಡಿಸಿ, ಯಾವ ಕವಚ ಉದುರುತ್ತದೆ ನೋಡಿ. ಉದುರಿದ್ದನ್ನೆಲ್ಲ ಬರೆದಿಡಿ.

ಆಮೇಲೆ ರಿಪೇರಿಗೆ ಹೋದ ಹೊತ್ತನ್ನು ಕೂಡಿ. ನಾವು ಕಟ್ಟಿದ್ದು ಸುಮಾರು 14 ಗಂಟೆ. ಅದರಲ್ಲಿ ಐದು ಗಂಟೆ ಬರೀ ಗೂಟ ಉಜ್ಜಿದ್ದು, ಟೇಪು ಸುತ್ತಿದ್ದು, ಅಂಟು ಒಣಗಲೆಂದು ಕಾದದ್ದು. ಉಳಿಸಿದ ದುಡ್ಡನ್ನು ಆ ಐದು ಗಂಟೆಗೆ ಭಾಗಿಸಿದರೆ ಬರುವ ಕೂಲಿ ನೋಡಿ ಹುಡುಗನೇ ನಕ್ಕ. ನನ್ನ ತೀರ್ಪು: ರೂಪಕ್ಕೆ ಹತ್ತಕ್ಕೆ ಏಳು, ಕೀಲಿಗೆ ನಾಲ್ಕು, ಡೆಕಲ್‌ಗೆ ಸೊನ್ನೆ. ಕೈ ಪಳಗಿಸಲು ಪರವಾಗಿಲ್ಲ. ಮೊದಲ ಕಿಟ್ ಆಗಿ ಯಾರಿಗೂ ಕೊಡಬಾರದು. ಮೊದಲ ಸಲವೇ ಇದು ಸಿಕ್ಕಿದರೆ ತಪ್ಪು ತನ್ನ ಕೈಯದು ಎಂದುಕೊಂಡು ಮಕ್ಕಳು ಬಿಟ್ಟುಬಿಡುತ್ತಾರೆ. ಮುಂದೆ ಯಾರಿಗಾದರೂ ಮಾರಿದರೆ, ಕೊಟ್ಟರೆ, ಇದು ನಕಲಿ ಎಂದು ಹೇಳಿಯೇ ಕೊಡಿ. ನಾವು ಕಾಲಿನ ಅಡಿಯಲ್ಲಿ ಮಾರ್ಕರಿನಲ್ಲಿ "ಡೂ" ಎಂದು ಬರೆದಿದ್ದೇವೆ.

ಕತ್ತರಿಸಿ ಉಳಿದ ರನ್ನರುಗಳನ್ನು ಎಸೆಯಬೇಡಿ. ಬಣ್ಣಕ್ಕೊಂದು ಕವರಿನಲ್ಲಿ ಹಾಕಿ, ಮೇಲೆ ಪಿಎಸ್, ಎಬಿಎಸ್ ಎಂದು ಬರೆದಿಡಿ. ನಾಳೆ ಗೂಟ ಮುರಿದರೆ ಅದೇ ದಪ್ಪದ ರನ್ನರ್ ತುಂಡೇ ಹೊಸ ಗೂಟ. ಚೂರುಗಳನ್ನು ಪ್ಲಾಸ್ಟಿಕ್ ಸಿಮೆಂಟಿನಲ್ಲಿ (ಪ್ಲಾಸ್ಟಿಕ್ಕನ್ನೇ ಕರಗಿಸಿ ಕೂಡಿಸುವ ಅಂಟು) ಕರಗಿಸಿದರೆ ಅದೇ ಬಣ್ಣದ ಮೆತ್ತುವ ಗಾರೆ. ಹುಡುಗ ರೋಬೋಟನ್ನು ಹಾಸನಕ್ಕೆ ಒಯ್ಯುವಾಗ ಆ ಕವರುಗಳನ್ನು ಇಲ್ಲೇ ಮರೆತಿದ್ದ. ಮುಂದಿನ ವಾರ ಅತ್ತ ಹೋಗುವವರ ಕೈಲಿ ಕಳಿಸುತ್ತೇನೆ. ಕಸ ಅಂತ ಗುಡಿಸಿ ಹಾಕಬೇಡ ಎಂದು ಅಕ್ಕನಿಗೂ ಫೋನ್ ಮಾಡಿ ಹೇಳಿದ್ದೇನೆ.